ಪೇಟೆಗೆ ಮರಳಿದ ಜನ

1969ರಲ್ಲಿ ಅಮೆರಿಕದ ಮಿಶಿಗನ್ ರಾಜ್ಯದ ಗ್ರಾಂಡ್ ರಾಪಿಡ್ಸ್ ಎಂಬ ಊರಿನಲ್ಲಿ ಎರಡು ಘಟನೆಗಳು ನಡೆದವು. ಜೂನ್ ತಿಂಗಳಲ್ಲಿ, ಊರ ನಡುವೆ ಹೊಸದಾಗಿ ಮಾಡಿದ್ದ ಚೌಕದಲ್ಲಿ ಕೆಂಪು ಬಣ್ಣ ಬಳಿದ ದೈತ್ಯ ಉಕ್ಕಿನ ಶಿಲ್ಪವೊಂದು ಉದ್ಘಾಟನೆಯಾಯಿತು. ಅದೇ ವರ್ಷ ಅಲ್ಲೇ ಹತ್ತಿರ, 1888ರ ಹಳೆಯ ನಗರಸಭೆ ಕಟ್ಟಡವನ್ನು ಗಡಿಯಾರದ ಗೋಪುರ ಸಮೇತ ಉರುಳಿಸಲು ಯಂತ್ರಗಳು ಬಂದು ನಿಂತವು. ಮೇರಿ ಸ್ಟೈಲ್ಸ್ ಎಂಬ ಮಹಿಳೆ ಗೋಡೆ ಒಡೆಯುವ ಕಬ್ಬಿಣದ ಗುಂಡಿಗೆ ಸರಪಳಿಯಿಂದ ತಮ್ಮನ್ನು ತಾವೇ ಬಿಗಿದುಕೊಂಡು ಪ್ರತಿಭಟಿಸಿದರು. ಕಟ್ಟಡ ಉಳಿಯಲಿಲ್ಲ.

ಆ ಕಾಲದಲ್ಲಿ ಅಮೆರಿಕದ ಊರೂರುಗಳಲ್ಲಿ ನಡೆದದ್ದು ಇದೇ. ಕೇಂದ್ರ ಸರ್ಕಾರ ನಗರ ನವೀಕರಣಕ್ಕೆಂದು ಹಣ ಕೊಡುತ್ತಿತ್ತು. ಆ ಹಣದಲ್ಲಿ ಹಳೆಯ ಕಟ್ಟಡಗಳನ್ನು ಬೀದಿಗಟ್ಟಲೆ ಕೆಡವಿ ಕಚೇರಿಗಳನ್ನೂ ಕಾರು ನಿಲ್ಲಿಸುವ ಜಾಗಗಳನ್ನೂ ಮಾಡುತ್ತಿದ್ದರು. ಪೇಟೆ ಹಳತಾಗಿದೆ, ಹೊಸದು ಮಾಡಿದರೆ ಜನ ಬರುತ್ತಾರೆ ಎಂಬ ನಂಬಿಕೆ ಅದರ ಹಿಂದಿತ್ತು. ಜನ ಬರಲಿಲ್ಲ. ಅವರು ಮರಳಿ ಬರಲು ಮುಂದೆ ಸುಮಾರು ಮೂವತ್ತು ವರ್ಷ ಹಿಡಿಯಿತು. ಆ ಮೂವತ್ತು ವರ್ಷಗಳ ಕಥೆಯಲ್ಲೂ ಆಮೇಲಿನ ಕಥೆಯಲ್ಲೂ ಮತ್ತೆ ಮತ್ತೆ ಎದುರಾಗುವ ಪ್ರಶ್ನೆ ಒಂದೇ: ಊರ ನಡುವಿನ ಪೇಟೆ ಯಾರದು? ದುಡ್ಡು ಹಾಕಿ ಕಟ್ಟಿಸಿದವರದೋ, ಅಲ್ಲಿ ಓಡಾಡುವವರದೋ?

ಮೊದಲು ಆ ಶಿಲ್ಪದ ಮಾತು. ಅದನ್ನು ಮಾಡಿದವರು ಅಲೆಕ್ಸಾಂಡರ್ ಕಾಲ್ಡರ್. ಎತ್ತರ 43 ಅಡಿ, ಉದ್ದ 54 ಅಡಿ, ತೂಕ 42 ಟನ್. ಸಾರ್ವಜನಿಕ ಸ್ಥಳಗಳಲ್ಲಿ ಕಲಾಕೃತಿ ಇಡಲು ಅಮೆರಿಕದ ರಾಷ್ಟ್ರೀಯ ಕಲಾ ನಿಧಿ ಆರಂಭಿಸಿದ ಯೋಜನೆಯಲ್ಲಿ ನೆರವು ಪಡೆದ ಮೊದಲ ಶಿಲ್ಪವೇ ಇದು. ನಿಧಿ ಕೊಟ್ಟದ್ದು 45,000 ಡಾಲರ್, ಉಳಿದದ್ದನ್ನು ಊರವರೇ ಸೇರಿಸಿದರು. ಬಾಗಿದ ಉಕ್ಕಿನ ತಗಡುಗಳು ಕಮಾನಿನಂತೆ ಒಂದರ ಮೇಲೊಂದು ಚಾಚಿಕೊಂಡ ಆ ಆಕಾರ ಕಂಡು ಬೇಸರಪಟ್ಟವರು ಬಹಳ ಮಂದಿ. ಆಗ ಆ ಊರನ್ನು ಅಮೆರಿಕದ ಸಂಸತ್ತಿನಲ್ಲಿ ಪ್ರತಿನಿಧಿಸುತ್ತಿದ್ದವರು ಜೆರಾಲ್ಡ್ ಫೋರ್ಡ್. ಮುಂದೆ ದೇಶದ ಅಧ್ಯಕ್ಷರಾದ ಅದೇ ಫೋರ್ಡ್. ಕಾಲ್ಡರ್ ಎಂದರೆ ಏನೆಂದೇ ತಮಗೆ ಗೊತ್ತಿರಲಿಲ್ಲ, ಆದರೆ ಆ ಶಿಲ್ಪ ಊರ ಮಧ್ಯಕ್ಕೆ ಜೀವ ತುಂಬಲು ನೆರವಾಯಿತು ಎಂದು ಅವರು ಆಮೇಲೆ ಸಂಸತ್ತಿನಲ್ಲೇ ಹೇಳಿದರು. 1970ರಿಂದ ಜೂನ್ ತಿಂಗಳ ಮೊದಲ ವಾರಾಂತ್ಯದಲ್ಲಿ ಆ ಶಿಲ್ಪದ ಸುತ್ತ ಕಲೆಗಳ ಹಬ್ಬ ಶುರುವಾಯಿತು. ಹಾಡುವವರು, ಕುಣಿಯುವವರು, ತಿಂಡಿ ಮಾರುವ ಸಂಘಗಳವರು ಎಲ್ಲರೂ ಸ್ವಯಂಸೇವಕರೇ. ಇಂದು ಶಿಲ್ಪದ ಆಕೃತಿ ನಗರಸಭೆಯ ಲಾಂಛನದಲ್ಲಿದೆ, ಕಸ ಒಯ್ಯುವ ಲಾರಿಗಳ ಮೇಲೂ ಇದೆ.

ಹಾಗಿದ್ದರೂ ಒಂದು ಶಿಲ್ಪದಿಂದ, ವರ್ಷಕ್ಕೊಂದು ಹಬ್ಬದಿಂದ ಪೇಟೆ ಬದುಕುವುದಿಲ್ಲ. ಅದು ಸೊರಗಿದ್ದೇಕೆ ಎಂದು ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಮಿಶಿಗನ್ ರಾಜ್ಯದ ಅತಿ ಉದ್ದದ ನದಿ ಗ್ರಾಂಡ್. ಸುಮಾರು 405 ಕಿಲೋಮೀಟರ್ ಹರಿದು ಮಿಶಿಗನ್ ಸರೋವರ ಸೇರುತ್ತದೆ. ಸರೋವರ ಇನ್ನೂ ದೂರವಿರುವಾಗಲೇ ಅದು ಸುಣ್ಣಕಲ್ಲಿನ ಹಾಸಿನ ಮೇಲೆ ಒಂದು ಮೈಲಿಯೊಳಗೆ 18 ಅಡಿ ಇಳಿಯುತ್ತಿತ್ತು. ಆ ರಭಸದ ನೀರಿನ ದಡದಲ್ಲಿ ಒಡಾವಾ ಮೂಲನಿವಾಸಿಗಳ ಹಳ್ಳಿಗಳಿದ್ದವು. 1826ರಲ್ಲಿ ಲೂಯಿ ಕ್ಯಾಂಪೊ ಎಂಬ ತುಪ್ಪುಳದ ಚರ್ಮದ ವ್ಯಾಪಾರಿ ಅಲ್ಲಿ ಮಳಿಗೆ ಹಾಕಿದ. ಸುತ್ತಲ ಕಾಡಿನ ಮರದ ದಿಮ್ಮಿಗಳು ಇದೇ ಹೊಳೆಯಲ್ಲಿ ತೇಲಿ ಬಂದವು, ಹೊಳೆಯ ರಭಸವೇ ಗರಗಸಗಳನ್ನು ತಿರುಗಿಸಿತು, ದಿಮ್ಮಿಗಳು ಮೇಜು ಕುರ್ಚಿ ಮಂಚಗಳಾದವು. 1876ರಲ್ಲಿ ಫಿಲಡೆಲ್ಫಿಯಾದ ಶತಮಾನೋತ್ಸವ ಪ್ರದರ್ಶನದಲ್ಲಿ ಈ ಊರಿನ ಪೀಠೋಪಕರಣ ಕಂಡು ದೇಶವೇ ಬೆರಗಾಯಿತು. ಅಲ್ಲಿಂದ ಮುಂದೆ ಅಮೆರಿಕದ ಮಧ್ಯಮ ವರ್ಗದ ಮನೆಯಲ್ಲಿ ಒಳ್ಳೆಯ ಊಟದ ಮೇಜು ಇದ್ದರೆ ಅದು ಗ್ರಾಂಡ್ ರಾಪಿಡ್ಸ್‌ನದು ಎನ್ನುವ ಮಾತೇ ಹುಟ್ಟಿತು. 1911ರಲ್ಲಿ ಕಾರ್ಖಾನೆಗಳ ಕಾರ್ಮಿಕರು ಸಾವಿರಾರು ಸಂಖ್ಯೆಯಲ್ಲಿ ಮುಷ್ಕರ ಹೂಡಿ ತಿಂಗಳುಗಟ್ಟಲೆ ಹಿಡಿದು ನಿಂತರು, ಕೊನೆಗೆ ಸೋತರು. ಮುಂದಿನ ದಶಕಗಳಲ್ಲಿ ಮನೆ ಪೀಠೋಪಕರಣದ ಉದ್ಯಮ ಅಗ್ಗದ ಕೂಲಿ ಹುಡುಕಿಕೊಂಡು ದಕ್ಷಿಣದ ರಾಜ್ಯಗಳಿಗೆ ಸರಿಯಿತು. ಊರಿಗೆ ಉಳಿದದ್ದು ಕಚೇರಿ ಪೀಠೋಪಕರಣ. 1912ರಲ್ಲಿ ಆರಂಭವಾಗಿ ಮುಂದೆ ಸ್ಟೀಲ್‌ಕೇಸ್ ಎಂದು ಹೆಸರಾದ ಕಂಪನಿ ಇಲ್ಲಿಯದೇ.

ಈ ಊರಿನ ಇನ್ನೊಂದು ಸಂಗತಿಯನ್ನು ಪಾವಗಡ, ಕೋಲಾರದ ಕಡೆಯವರು ಕುತೂಹಲದಿಂದ ಕೇಳಿಯಾರು. ಹಲ್ಲು ಹುಳುಕಾಗದಿರಲಿ ಎಂದು ಊರಿಗೆಲ್ಲ ಕೊಡುವ ಕುಡಿಯುವ ನೀರಿಗೆ ಅಳತೆ ಮಾಡಿ ಫ್ಲೋರೈಡ್ ಬೆರೆಸಿದ ಜಗತ್ತಿನ ಮೊದಲ ಊರು ಇದೇ, 1945ರ ಜನವರಿಯಲ್ಲಿ. ನಮ್ಮ ಬಯಲುಸೀಮೆಯ ಕೊಳವೆಬಾವಿಗಳಲ್ಲಿ ಅದೇ ಫ್ಲೋರೈಡ್ ಅತಿಯಾಗಿ ಎಲುಬು ಹಲ್ಲು ಕೆಡಿಸುತ್ತದೆ.

ಎರಡನೇ ಮಹಾಯುದ್ಧ ಮುಗಿದ ಮೇಲೆ ಕಾರು ಬಂತು, ಹೆದ್ದಾರಿ ಬಂತು. ಕೈಯಲ್ಲಿ ಕಾಸಿದ್ದ ಕುಟುಂಬಗಳು, ಹೆಚ್ಚಾಗಿ ಬಿಳಿಯರು, ಹೊರವಲಯದ ಬಡಾವಣೆಗಳಿಗೆ ಹೋದರು. ಅವರ ಹಿಂದೆಯೇ ಅಂಗಡಿಗಳೂ ಹೋದವು. 1960ರ ದಶಕದ ಕೊನೆಯಲ್ಲಿ ಹೊರವಲಯದಲ್ಲಿ ದೊಡ್ಡ ಮಾಲ್‌ಗಳು ತೆರೆದ ಮೇಲಂತೂ ಪೇಟೆಯ ಭಾರೀ ಮಳಿಗೆಗಳು ಒಂದೊಂದಾಗಿ ಬಾಗಿಲು ಹಾಕಿದವು. ಅವುಗಳಲ್ಲಿ ಹರ್ಪಲ್‌ಶೈಮರ್ಸ್ ಎಂಬುದರ ಹೆಸರನ್ನು ಮಕ್ಕಳ ಸಿನಿಮಾ ನೋಡುವವರು ಕೇಳಿರಬಹುದು. ‘ಪೋಲಾರ್ ಎಕ್ಸ್‌ಪ್ರೆಸ್’ ಚಿತ್ರದಲ್ಲಿ ಕ್ರಿಸ್‌ಮಸ್ ಆಟಿಕೆಗಳ ಗಾಜಿನ ಕಿಟಕಿಯಿರುವ ಅಂಗಡಿ ಅದು. ಮೂಲ ಪುಸ್ತಕ ಬರೆದ ಕ್ರಿಸ್ ವಾನ್ ಆಲ್ಸ್‌ಬರ್ಗ್ ಗ್ರಾಂಡ್ ರಾಪಿಡ್ಸ್‌ನಲ್ಲೇ ಹುಟ್ಟಿದವರು. ಹಬ್ಬದ ದಿನ ಮಕ್ಕಳು ಮೂಗೊತ್ತಿ ನಿಲ್ಲುತ್ತಿದ್ದ ಆ ಮಳಿಗೆಯ ಕಟ್ಟಡದಲ್ಲಿ ಈಗ ನಗರ ಪೊಲೀಸರ ಕೇಂದ್ರ ಕಚೇರಿ ಇದೆ.

ಮುಖ್ಯ ಬೀದಿ ಮನ್ರೋವನ್ನು ಕಾರುಗಳಿಗೆ ಮುಚ್ಚಿ ಬರೀ ನಡೆದಾಡುವವರಿಗೆ ಬಿಟ್ಟುನೋಡಿದರು. ನಡೆದಾಡುವವರೇ ಇಲ್ಲದ ಬೀದಿ ಇನ್ನಷ್ಟು ಬಿಕೋ ಎಂದಿತು. ಕೊನೆಗೆ ಮತ್ತೆ ಕಾರುಗಳನ್ನು ಬಿಟ್ಟರು.

ತಿರುವು ಕಂಡದ್ದು 1981ರಲ್ಲಿ, ಅದೂ ಒಂದು ಹೋಟೆಲಿನಿಂದ. ಆಮ್‌ವೇ ಎಂದರೆ ಕೇಳುಗರಲ್ಲಿ ಅನೇಕರಿಗೆ ಗೊತ್ತು. 1998ರಿಂದ ಭಾರತದಲ್ಲೂ ಪರಿಚಯಸ್ಥರ ಮೂಲಕ ಮನೆಮನೆಗೆ ಟೂತ್‌ಪೇಸ್ಟು, ವಿಟಮಿನ್ ಡಬ್ಬಿ ತಲುಪಿಸಿದ ಕಂಪನಿ. ಅದರ ತವರು ಗ್ರಾಂಡ್ ರಾಪಿಡ್ಸ್ ಪಕ್ಕದ ಏಡಾ ಎಂಬ ಪುಟ್ಟ ಊರು. ಜೇ ವಾನ್ ಆಂಡೆಲ್ ಮತ್ತು ರಿಚ್ ಡಿವೋಸ್ ಎಂಬ ಶಾಲಾ ಗೆಳೆಯರು 1959ರಲ್ಲಿ ಶುರುಮಾಡಿದರು. ಮನೆಮನೆ ವ್ಯಾಪಾರದಲ್ಲಿ ಅವರು ಕೂಡಿಸಿದ ಸಂಪತ್ತು ಅಪಾರ. ಪೇಟೆಯ ನಡುವಿನ ಪ್ಯಾಂಟ್‌ಲಿಂಡ್ ಎಂಬ ಹಳೆಯ ಹೋಟೆಲು ಪಾಳುಬೀಳುವ ಹಂತಕ್ಕೆ ಬಂದಿದ್ದಾಗ ಆಮ್‌ವೇ ಅದನ್ನು ಕೊಂಡು, ಒಳಗಿನ ಹಳೆಯ ವೈಭವ ಉಳಿಸಿಕೊಂಡೇ ದುರಸ್ತಿ ಮಾಡಿ, ಆಮ್‌ವೇ ಗ್ರಾಂಡ್ ಪ್ಲಾಜಾ ಎಂಬ ಹೆಸರಿನಲ್ಲಿ ತೆರೆಯಿತು. ಹನ್ನೆರಡು ವರ್ಷ ಹಿಂದೆ ಗೋಪುರ ಕೆಡವಿದ್ದ ಊರಿನಲ್ಲಿ ಹಳೆಯದನ್ನು ಉಳಿಸಿ ಬಳಸಬಹುದು ಎಂದು ಇಷ್ಟು ದೊಡ್ಡದಾಗಿ ತೋರಿಸಿಕೊಟ್ಟ ಕೆಲಸ ಅದು. ಅದೇ ವರ್ಷ ಹೊಳೆಯ ಆಚೆ ದಡದಲ್ಲಿ ಫೋರ್ಡ್ ಅವರ ವಸ್ತುಸಂಗ್ರಹಾಲಯವೂ ತೆರೆಯಿತು.

ಆಮೇಲೆ ಕಟ್ಟಡಗಳ ಸಾಲೇ ಎದ್ದಿತು. 1990ರ ದಶಕದಲ್ಲಿ ಊರಿನ ಉದ್ಯಮಿಗಳು ಗ್ರಾಂಡ್ ಆಕ್ಷನ್ ಎಂಬ ಕೂಟ ಕಟ್ಟಿ, ಖಾಸಗಿ ದೇಣಿಗೆಗೆ ಸಾರ್ವಜನಿಕ ಹಣ ಕೂಡಿಸಿ, 1996ರಲ್ಲಿ ವಾನ್ ಆಂಡೆಲ್ ಅರೀನಾ ಎಂಬ ಒಳಾಂಗಣ ಕ್ರೀಡಾಂಗಣ ತೆರೆದರು. ಸುಮಾರು 12,000 ಜನ ಕೂರಬಹುದು. ಇಲ್ಲಿ ಜಾಗದ ಆಯ್ಕೆಯೇ ಮುಖ್ಯ. ಅದೇ ರಾಜ್ಯದ ಡೆಟ್ರಾಯಿಟ್‌ನ ಬ್ಯಾಸ್ಕೆಟ್‌ಬಾಲ್ ತಂಡ 1988ರಲ್ಲಿ ಊರಿನಿಂದ ದೂರದ ಆಬರ್ನ್ ಹಿಲ್ಸ್‌ನಲ್ಲಿ ಕ್ರೀಡಾಂಗಣ ಮಾಡಿಕೊಂಡಿತ್ತು. ಆಟ ಮುಗಿದರೆ ಜನ ಕಾರು ಹತ್ತಿ ನೇರ ಮನೆಗೆ. ಗ್ರಾಂಡ್ ರಾಪಿಡ್ಸ್‌ನವರು ಹಳೆಯ ಗೋದಾಮುಗಳ ಬೀದಿಗಳ ಪಕ್ಕದಲ್ಲೇ ಕಟ್ಟಿದರು. ಹಾಕಿ ನೋಡಲು ಬಂದವರು ಆಟಕ್ಕೆ ಮುಂಚೆ ಊಟಕ್ಕೆ, ಆಟದ ಮೇಲೆ ಒಂದು ಲೋಟ ಬಿಯರಿಗೆ ಆ ಬೀದಿಗಳಲ್ಲೇ ನಡೆದರು. ಖಾಲಿ ಗೋದಾಮುಗಳ ನೆಲಮಹಡಿಯಲ್ಲಿ ಹೋಟೆಲು, ಮೇಲೆ ಮನೆಗಳು ಬಂದವು. ಡೆಟ್ರಾಯಿಟ್ ತಂಡ ಕೂಡ 2017ರಲ್ಲಿ ಊರ ನಡುವಿಗೆ ಮರಳಿತು, ಆಬರ್ನ್ ಹಿಲ್ಸ್‌ನ ಕ್ರೀಡಾಂಗಣವನ್ನು 2020ರಲ್ಲಿ ಕೆಡವಿದರು.

2001ರಲ್ಲಿ ಮನ್ರೋ ಬೀದಿಯ ತುದಿಯಲ್ಲಿ ರೋಸಾ ಪಾರ್ಕ್ಸ್ ವೃತ್ತ ಬಂತು. ವಾಷಿಂಗ್ಟನ್ನಿನ ವಿಯೆಟ್ನಾಂ ಯೋಧರ ಸ್ಮಾರಕ ರೂಪಿಸಿದ ಮಾಯಾ ಲಿನ್ ಅವರೇ ಇದರ ವಿನ್ಯಾಸಕಿ. ಚಳಿಗಾಲದಲ್ಲಿ ಅದು ಮಂಜುಗಡ್ಡೆಯ ಮೇಲೆ ಜಾರುವ ಅಂಗಳ. ನೆಲದೊಳಗೆ ಸಣ್ಣ ಸಣ್ಣ ದೀಪಗಳನ್ನು ಹುದುಗಿಸಿದ್ದಾರೆ, ಹೊಸ ಸಹಸ್ರಮಾನ ಹುಟ್ಟಿದ ಇರುಳು ಆ ಊರಿನ ಆಕಾಶದಲ್ಲಿ ನಕ್ಷತ್ರಗಳು ಹೇಗಿದ್ದವೋ ಹಾಗೆ. ಬೇಸಿಗೆಯಲ್ಲಿ ಮಂಗಳವಾರ ಸಂಜೆ ಅಲ್ಲಿ ಯಾರು ಬೇಕಾದರೂ ಬಂದು ಸ್ವಿಂಗ್ ನೃತ್ಯ ಮಾಡುತ್ತಾರೆ. ಟಿಕೆಟ್ಟಿಲ್ಲ.

ಮಿಶಿಗನ್ ಸ್ಟ್ರೀಟ್ ಎಂಬ ಏರುಬೀದಿಯಲ್ಲಿ ಸಾಲಾಗಿ ಆಸ್ಪತ್ರೆಗಳೂ ಸಂಶೋಧನಾಲಯಗಳೂ ಎದ್ದವು. 2000ದಲ್ಲಿ ವಾನ್ ಆಂಡೆಲ್ ಸಂಶೋಧನಾ ಸಂಸ್ಥೆ, 2010ರಲ್ಲಿ ಮಿಶಿಗನ್ ರಾಜ್ಯ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜಿನ ಕೇಂದ್ರ, ಮರುವರ್ಷ ಹೆಲೆನ್ ಡಿವೋಸ್ ಮಕ್ಕಳ ಆಸ್ಪತ್ರೆ. ಊರಿನವರು ಆ ಬೀದಿಯನ್ನು ಮೆಡಿಕಲ್ ಮೈಲ್ ಎಂದೇ ಕರೆಯುತ್ತಾರೆ. ಪೇಟೆಗೆ ನಿಜವಾದ ಗಟ್ಟಿತನ ಬಂದದ್ದು ಈ ಸಾಲಿನಿಂದ. ಕ್ರೀಡಾಂಗಣ ಸಂಜೆ ಮಾತ್ರ ತುಂಬುತ್ತದೆ, ಆಸ್ಪತ್ರೆಗೆ ದಾದಿ, ವೈದ್ಯ, ವಿದ್ಯಾರ್ಥಿ ಹಗಲಿರುಳು ಬಂದೇ ಬರಬೇಕು, ಹತ್ತಿರದಲ್ಲೇ ಮನೆಯೂ ಬೇಕು.

ಈ ಕಟ್ಟಡಗಳ ಹೆಸರುಗಳನ್ನು ಗಮನಿಸಿ. ವಾನ್ ಆಂಡೆಲ್, ಡಿವೋಸ್, ಸೂಪರ್‌ಮಾರ್ಕೆಟ್ ಮನೆತನವಾದ ಮೈಯರ್: ಹೆಜ್ಜೆ ಹೆಜ್ಜೆಗೂ ಎರಡು ಮೂರು ಕುಟುಂಬಗಳ ಹೆಸರೇ. ಸಂಪತ್ತು ಮಾಡಿಕೊಂಡ ಮೇಲೆ ಊರು ಬಿಡದೆ ಅಲ್ಲೇ ಸುರಿದದ್ದು ದೊಡ್ಡ ಗುಣ, ಅನುಮಾನವಿಲ್ಲ. ಇಂಥ ಮನೆತನಗಳಿಲ್ಲದ ಎಷ್ಟೋ ಕಾರ್ಖಾನೆ ಪಟ್ಟಣಗಳು ಅದೇ ಮಿಶಿಗನ್ನಿನಲ್ಲಿ ಮೇಲೇಳಲಾರದೆ ಉಳಿದಿವೆ. ಆದರೆ ದೇಣಿಗೆ ಕೊಟ್ಟವರ ಮಾತಿಗೆ ಊರಿನಲ್ಲಿ ತೂಕ ಹೆಚ್ಚುತ್ತದೆ. ಎಲ್ಲಿ ಏನು ಕಟ್ಟಬೇಕು ಎನ್ನುವುದು ಜನರ ಸಭೆಗಿಂತ ಮೊದಲೇ ತೀರ್ಮಾನವಾಗುವ ಅಪಾಯವೂ ಅದರೊಡನೆ ಬರುತ್ತದೆ. ಪೇಟೆ ತಮ್ಮದು ಎಂದು ಸಾಮಾನ್ಯರಿಗೆ ಅನ್ನಿಸಲು ಬೇರೆಯೇ ಏನೋ ಬೇಕಿತ್ತು. ಅದು ಒದಗಿದ್ದು ಒಂದು ಅವಮಾನದಿಂದ.

2011ರ ಜನವರಿಯಲ್ಲಿ ‘ನ್ಯೂಸ್‌ವೀಕ್’ ಪತ್ರಿಕೆಯ ಜಾಲತಾಣದಲ್ಲಿ ಅಮೆರಿಕದ ಸಾಯುತ್ತಿರುವ ನಗರಗಳ ಪಟ್ಟಿ ಬಂತು. ಅದರ ಹತ್ತನೇ ಸ್ಥಾನದಲ್ಲಿ ಗ್ರಾಂಡ್ ರಾಪಿಡ್ಸ್. ಜನಸಂಖ್ಯೆ ಇಳಿಯುತ್ತಿದೆ ಎಂಬುದು ಕಾರಣ. ಲೆಕ್ಕವೇನೋ ಸುಳ್ಳಲ್ಲ: 2000ದಲ್ಲಿ 1,97,800 ಇದ್ದ ಜನ 2010ರ ಗಣತಿಯಲ್ಲಿ 1,88,040ಕ್ಕೆ ಇಳಿದಿದ್ದರು. ಆದರೆ ಕಣ್ಣೆದುರು ಕಟ್ಟಡಗಳೇಳುತ್ತಿದ್ದ ಊರನ್ನು ಸಾಯುತ್ತಿದೆ ಎಂದರೆ ಯಾರು ಸುಮ್ಮನಿರುತ್ತಾರೆ?

ಉತ್ತರ ಕೊಟ್ಟವನು ರಾಬ್ ಬ್ಲಿಸ್ ಎಂಬ ಇಪ್ಪತ್ತರ ಹರೆಯದ ಯುವಕ. ಪೇಟೆಯಲ್ಲಿ ನೂರಾರು ಜನರನ್ನು ಕೂಡಿಸಿ ದಿಂಬಿನ ಕಾಳಗ ಆಡಿಸಿದ್ದ, ಕಟ್ಟಡಗಳ ಮೇಲಿಂದ ಸಾವಿರಾರು ಕಾಗದದ ವಿಮಾನ ಹಾರಿಬಿಡಿಸಿದ್ದ ಹುಡುಗ. ಆ ವರ್ಷ ಮೇ ತಿಂಗಳ ಒಂದು ಭಾನುವಾರ ಊರ ನಡುವಿನ ಬೀದಿಗಳನ್ನು ಮುಚ್ಚಿಸಿ ಅವನು ವಿಡಿಯೊ ಚಿತ್ರೀಕರಿಸಿದ. ಡಾನ್ ಮೆಕ್ಲೀನ್ ಹಾಡಿದ ‘ಅಮೆರಿಕನ್ ಪೈ’ ಗೀತೆ ಮೊಳಗುತ್ತಿರುತ್ತದೆ, ಕ್ಯಾಮೆರಾ ಎಲ್ಲೂ ನಿಲ್ಲದೆ ಬೀದಿ ಬೀದಿ ಸಾಗುತ್ತದೆ, ಎದುರಾದವರೆಲ್ಲ ಹಾಡಿಗೆ ತುಟಿ ಆಡಿಸುತ್ತಾರೆ. ಗಿಟಾರ್ ಹಿಡಿದವರು, ಅಗ್ನಿಶಾಮಕ ದಳದವರು, ಮದುವೆಯ ದಿರಿಸಿನ ಜೋಡಿ, ದಿಂಬಿನ ಹತ್ತಿ ಹಾರಿಸುವ ಮಕ್ಕಳು, ಟಿವಿ ವಾರ್ತೆ ಓದುವವರು, ನಗರಾಧ್ಯಕ್ಷ ಜಾರ್ಜ್ ಹಾರ್ಟ್‌ವೆಲ್, ಕೊನೆಗೆ ಹೆಲಿಕಾಪ್ಟರ್. ಸುಮಾರು 5,000 ಜನ, ಹತ್ತು ನಿಮಿಷದಷ್ಟು ಉದ್ದ, ನಡುವೆ ಕತ್ತರಿಯೇ ಇಲ್ಲ. ಯಾರೊಬ್ಬರು ತಪ್ಪಿದರೂ ಮೊದಲಿನಿಂದ ಮತ್ತೆ ಶುರು. ಖರ್ಚಾದ 40,000 ಡಾಲರನ್ನು ಸ್ಥಳೀಯ ಪ್ರಾಯೋಜಕರು ಕೊಟ್ಟರು. ಶಿಕಾಗೊದ ಹೆಸರಾಂತ ಚಿತ್ರವಿಮರ್ಶಕ ರೋಜರ್ ಈಬರ್ಟ್ ಇದಕ್ಕಿಂತ ದೊಡ್ಡ ಸಂಗೀತ ವಿಡಿಯೊ ಇನ್ನೊಂದಿಲ್ಲ ಎಂದು ಹೊಗಳಿದರು. ಯೂಟ್ಯೂಬಿನಲ್ಲಿ ಲಕ್ಷ ಲಕ್ಷ ಜನ ನೋಡಿದರು. ನ್ಯೂಸ್‌ವೀಕ್ ಕೂಡ ವಿಡಿಯೊವನ್ನು ಮೆಚ್ಚಿ, ಆ ಪಟ್ಟಿ ತಾನು ಮಾಡಿದ್ದಲ್ಲ, ಇನ್ನೊಂದು ತಾಣದ್ದು ಎಂದು ಹೇಳಿಕೊಂಡಿತು.

ಈ ವಿಡಿಯೊದಲ್ಲಿ ಊರಿನ ಕಟ್ಟಡಗಳು ಬರೀ ಹಿನ್ನೆಲೆ. ಮುಂದೆ ಇರುವುದು ಮುಖಗಳು. ಮೂವತ್ತು ವರ್ಷ ಕಟ್ಟಿದ್ದು ಯಾರಿಗಾಗಿ ಎಂದು ಊರು ತನಗೇ ತೋರಿಸಿಕೊಂಡ ಹತ್ತು ನಿಮಿಷ ಅದು. ಊರಿನ ಹೆಸರು ದೇಶಕ್ಕೆಲ್ಲ ಹಬ್ಬಲು ಎಷ್ಟು ಜಾಹೀರಾತು ಕೊಟ್ಟರೂ ಆಗದ ಕೆಲಸ ಇದರಿಂದ ಆಯಿತು ಎನ್ನಬೇಕು.

ಇದಕ್ಕೆ ಎರಡು ವರ್ಷ ಮುಂಚೆಯೇ ಇನ್ನೊಂದು ಪ್ರಯೋಗ ಶುರುವಾಗಿತ್ತು. ಅದೇ ಆರ್ಟ್‌ಪ್ರೈಜ್. ರಿಚ್ ಡಿವೋಸ್ ಅವರ ಮೊಮ್ಮಗ ರಿಕ್ ಡಿವೋಸ್ 2009ರಲ್ಲಿ ಆರಂಭಿಸಿದ ಕಲಾಸ್ಪರ್ಧೆ. ಆಗಿನ ನಿಯಮ ಸರಳ. ಜಗತ್ತಿನ ಯಾವ ಕಲಾವಿದರಾದರೂ ಬರಬಹುದು. ಪೇಟೆಯ ಯಾವ ಕಟ್ಟಡದ ಒಡೆಯರಾದರೂ ಜಾಗ ಕೊಡಬಹುದು. ಕಲಾವಿದರೂ ಜಾಗದವರೂ ತಾವೇ ಮಾತಾಡಿಕೊಳ್ಳಬೇಕು. ಆಯ್ಕೆ ಸಮಿತಿ ಇಲ್ಲ, ಬಹುಮಾನ ಯಾರಿಗೆಂದು ಜನ ಫೋನಿನಲ್ಲಿ ಮತ ಹಾಕಿ ತೀರ್ಮಾನಿಸುತ್ತಿದ್ದರು. ಮೊದಲ ಬಹುಮಾನ 2,50,000 ಡಾಲರ್. ಮೊದಲ ವರ್ಷವೇ 1,200ಕ್ಕೂ ಹೆಚ್ಚು ಕಲಾವಿದರು ಬಂದರು. ಬ್ಯಾಂಕು, ಚರ್ಚು, ಕಾಫಿ ಅಂಗಡಿ, ಹೋಟೆಲಿನ ಪಡಸಾಲೆ, ಹೊಳೆಯ ನೀರು ಕೂಡ ಪ್ರದರ್ಶನದ ಜಾಗವಾಯಿತು. ನಡೆದಾಡುವ ಸೇತುವೆಯ ಮೇಲೆ ಯಾರೋ ದೈತ್ಯ ಮೇಜು ಕುರ್ಚಿ ಇಟ್ಟರು, ನೀರಿನಲ್ಲಿ ಮತ್ತೊಬ್ಬರ ಸರೋವರದ ಭೂತಪ್ರಾಣಿ ತಲೆಯೆತ್ತಿತು. ಗೆದ್ದದ್ದು ಬ್ರೂಕ್ಲಿನ್‌ನ ರ‍್ಯಾನ್ ಆರ್ಟ್‌ನರ್ ಬಿಡಿಸಿದ ಕಡಲಿನ ಭಾರೀ ವರ್ಣಚಿತ್ರ.

ಕಲೆ ಗೊತ್ತಿಲ್ಲದವರ ಮತದಿಂದ ಕಲೆ ಅಳೆಯುವುದೇ ಎಂದು ವಿಮರ್ಶಕರು ಮುಖ ಸಿಂಡರಿಸಿದರು. ಮುಂದೆ ತೀರ್ಪುಗಾರರ ಬಹುಮಾನವನ್ನೂ ಸೇರಿಸಲಾಯಿತು. 2014ರಲ್ಲಿ ಆ ವಾದಕ್ಕೆ ಚಂದದ ಉತ್ತರ ಸಿಕ್ಕಿತು. ಲಾಹೋರ್ ಮೂಲದ ಅನಿಲಾ ಖಯ್ಯೂಮ್ ಆಗಾ ಅವರ ‘ಇಂಟರ್‌ಸೆಕ್ಷನ್ಸ್’ ಜನರ ಮತದ ಬಹುಮಾನವನ್ನು ಗೆದ್ದದ್ದಲ್ಲದೆ ತೀರ್ಪುಗಾರರ ಬಹುಮಾನವನ್ನೂ ಇನ್ನೊಬ್ಬರೊಡನೆ ಹಂಚಿಕೊಂಡಿತು. ಒಟ್ಟು 3,00,000 ಡಾಲರ್. ಎರಡೂ ಬಹುಮಾನ ಒಂದೇ ಕೃತಿಗೆ ಬಂದದ್ದು ಅದೇ ಮೊದಲು.

ಆ ಕೃತಿಯನ್ನು ನೋಡಿದವರು ಮರೆಯಲಾರರು. ಊರ ಕಲಾ ವಸ್ತುಸಂಗ್ರಹಾಲಯದ ಒಂದು ಕೋಣೆ. ನಡುವೆ ಆರೂವರೆ ಅಡಿಯ ಚೌಕ ಪೆಟ್ಟಿಗೆ ತೂಗುತ್ತಿದೆ. ಮರದ ಹಲಗೆಗಳನ್ನು ಲೇಸರಿನಿಂದ ಕೊರೆದು, ಸ್ಪೇನಿನ ಅಲ್‌ಹಂಬ್ರಾ ಅರಮನೆಯ ಬಳ್ಳಿ ಹೂವಿನ ಚಿತ್ತಾರ ಬಿಡಿಸಿದ್ದಾರೆ. ಒಳಗೆ ಒಂದೇ ಒಂದು ಬಲ್ಬು. ಅಷ್ಟರಿಂದಲೇ ನಾಲ್ಕು ಗೋಡೆ, ನೆಲ, ಚಾವಣಿ ತುಂಬ ನೆರಳಿನ ಚಿತ್ತಾರ ಹರಡುತ್ತದೆ, ಬೇಲೂರಿನ ಜಾಲಂಧ್ರದ ಮೂಲಕ ಬಿಸಿಲು ಒಳಗೆ ಬಿದ್ದಂತೆ. ಒಳಗೆ ಬಂದವರ ಮುಖದ ಮೇಲೆ, ಕೋಟಿನ ಮೇಲೆ, ಮಗುವಿನ ತಳ್ಳುಗಾಡಿಯ ಮೇಲೆ ಅದೇ ಬಳ್ಳಿ. ಹೆಣ್ಣಾದ ಕಾರಣಕ್ಕೆ ಬಾಲ್ಯದಲ್ಲಿ ಮಸೀದಿಯ ಚೆಲುವಿನಿಂದ ಹೊರಗುಳಿದ ಅನುಭವವೇ ಈ ಕೃತಿಗೆ ಮೂಲ ಎಂದು ಆಗಾ ಹೇಳಿದ್ದಾರೆ. ಎಲ್ಲರನ್ನೂ ಒಳಗೆ ಬಿಟ್ಟುಕೊಳ್ಳುವ ಕೋಣೆಯೊಂದನ್ನು ಅವರು ಮಾಡಿದರು. ಅದಕ್ಕೆ ಮತ ಹಾಕಿದವರು ಕ್ರೈಸ್ತ ಶ್ರದ್ಧೆಗೆ ಹೆಸರಾದ, ಡಚ್ ವಲಸೆಗಾರರ ಚರ್ಚುಗಳಿಂದ ತುಂಬಿದ ಪಶ್ಚಿಮ ಮಿಶಿಗನ್ನಿನ ಜನ.

ಆರ್ಟ್‌ಪ್ರೈಜ್ ಈಗ ಡಿವೋಸ್ ಕೂಟದ ಕೈಯಲ್ಲಿಲ್ಲ. ಹಳೆಯ ಸಂಸ್ಥೆ 2022ರಲ್ಲಿ ಹಿಂದೆ ಸರಿಯಿತು. ಮರುವರ್ಷದಿಂದ ನಗರಸಭೆ, ಪೇಟೆಯ ಅಭಿವೃದ್ಧಿ ಸಂಸ್ಥೆ ಮತ್ತು ಕೆಂಡಲ್ ಕಲಾ ಕಾಲೇಜು ಸೇರಿ ನಡೆಸುತ್ತಿವೆ. ಸಿರಿವಂತರು ಹಚ್ಚಿದ ದೀಪವನ್ನು ಊರು ತನ್ನ ಕೈಗೆ ತೆಗೆದುಕೊಂಡ ಈ ಬದಲಾವಣೆ ಹೊಸ ಕ್ರೀಡಾಂಗಣಕ್ಕಿಂತ ಹೆಚ್ಚು ಭರವಸೆ ಹುಟ್ಟಿಸುತ್ತದೆ.

ಇನ್ನು ಬಿಯರ್. ಇದನ್ನು ಬಿಟ್ಟರೆ ಆ ಊರಿನವರು ಒಪ್ಪುವುದಿಲ್ಲ. 1997ರಲ್ಲಿ ಇಬ್ಬರು ಗೆಳೆಯರು ಆರಂಭಿಸಿದ ಫೌಂಡರ್ಸ್ ಎಂಬ ಬಿಯರ್ ಕಂಪನಿ ಮೊದಲ ವರ್ಷಗಳಲ್ಲಿ ಸಾಲದಲ್ಲಿ ಮುಳುಗಿ ದಿವಾಳಿಯ ಅಂಚಿಗೆ ಹೋಗಿತ್ತು. ಎಲ್ಲರಿಗೂ ಹಿಡಿಸುವಂಥದು ಮಾಡುವುದು ಬಿಟ್ಟು ತಮಗೆ ಇಷ್ಟವಾದ ಗಾಢ ರುಚಿಯ ಬಿಯರ್ ಮಾಡತೊಡಗಿದ ಮೇಲೆ ಹೆಸರಾಯಿತು. ಬರ್ಬನ್ ವಿಸ್ಕಿಯ ಪೀಪಾಯಿಗಳಲ್ಲಿ ತುಂಬಿದ ಬಿಯರನ್ನು ಊರ ಕೆಳಗಿನ ಹಳೆಯ ಜಿಪ್ಸಮ್ ಗಣಿಯೊಳಗೆ ಇಟ್ಟು ಮಾಗಿಸಿದರು. ನೆಲದಾಳದಲ್ಲಿ ಬೇಸಿಗೆ ಚಳಿಗಾಲ ಎನ್ನದೆ ಒಂದೇ ತಂಪು. ಇನ್ನೊಂದು ಕಂಪನಿ, ಬ್ರೂವರಿ ವಿವಾಂಟ್, ಅಂತ್ಯಸಂಸ್ಕಾರಕ್ಕೆ ಮುನ್ನ ಪ್ರಾರ್ಥನೆ ನಡೆಯುತ್ತಿದ್ದ ಹಳೆಯ ಮಂದಿರವನ್ನೇ ಪಾನಶಾಲೆ ಮಾಡಿತು, ಬಣ್ಣದ ಗಾಜಿನ ಕಿಟಕಿ ಹಾಗೇ ಉಳಿಸಿಕೊಂಡಿತು. ಅಮೆರಿಕದ ಬಿಯರ್ ನಗರ ಯಾವುದು ಎಂದು ಜಾಲತಾಣವೊಂದು ನಡೆಸಿದ ಮತದಾನದಲ್ಲಿ ಗ್ರಾಂಡ್ ರಾಪಿಡ್ಸ್ 2012ರಲ್ಲಿ ನಾರ್ತ್ ಕ್ಯಾರೊಲೈನಾದ ಆ್ಯಶ್‌ವಿಲ್ ಜೊತೆ ಸಮಸಮ ಬಂದು, 2013ರಲ್ಲಿ ಒಂಟಿಯಾಗಿ ಗೆದ್ದಿತು. 2014ಕ್ಕೆ ಅಮೆರಿಕದಲ್ಲಿ ನೋಡಬೇಕಾದ ಜಾಗಗಳ ಪಟ್ಟಿ ಮಾಡಿದ ಲೋನ್ಲಿ ಪ್ಲಾನೆಟ್ ಈ ಊರನ್ನೂ ಸರೋವರದ ದಡವನ್ನೂ ಮೊದಲ ಸ್ಥಾನದಲ್ಲಿ ಇರಿಸಿತು. 2020ರ ಗಣತಿಯಲ್ಲಿ ಜನಸಂಖ್ಯೆ 1,98,917. ಅಲ್ಲಿಯವರೆಗಿನ ಯಾವ ಗಣತಿಯಲ್ಲೂ ಅಷ್ಟಿರಲಿಲ್ಲ.

ಇಷ್ಟನ್ನೇ ಹೇಳಿ ನಿಲ್ಲಿಸಿದರೆ ಅರ್ಧ ಕಥೆಯಾದೀತು. 2015ರ ಜನವರಿಯಲ್ಲಿ ‘ಫೋರ್ಬ್ಸ್’ ಪತ್ರಿಕೆ ಇನ್ನೊಂದು ಪಟ್ಟಿ ತಂದಿತು. ಕಪ್ಪು ಜನರ ಆರ್ಥಿಕ ಸ್ಥಿತಿಗತಿ ಎಲ್ಲಿ ಚೆನ್ನಾಗಿದೆ ಎಂದು 52 ಮಹಾನಗರ ವಲಯಗಳನ್ನು ಹೋಲಿಸಿದಾಗ ಗ್ರಾಂಡ್ ರಾಪಿಡ್ಸ್ ಕೊನೆಯಿಂದ ಎರಡನೆಯದು. ಈ ಬಾರಿ ಹಾಡಿನ ವಿಡಿಯೊದಲ್ಲಿ ಉತ್ತರ ಕೊಡುವಂತಿರಲಿಲ್ಲ. ಪೇಟೆ ಹೊಳೆಯುತ್ತಿದ್ದಾಗ ಅದರ ದಕ್ಷಿಣದ ಬಡಾವಣೆಗಳಿಗೆ ಕೆಲಸವಾಗಲಿ ಸಾಲವಾಗಲಿ ಅಷ್ಟಾಗಿ ತಲುಪಿರಲಿಲ್ಲ. 2022ರ ಏಪ್ರಿಲ್‌ನಲ್ಲಿ ಕಾಂಗೋ ದೇಶದಿಂದ ನಿರಾಶ್ರಿತನಾಗಿ ಬಂದಿದ್ದ 26 ವರ್ಷದ ಯುವಕನೊಬ್ಬ, ಕಾರು ತಡೆದ ಪೊಲೀಸ್ ಅಧಿಕಾರಿಯ ಗುಂಡಿಗೆ ಬಲಿಯಾದ. ಪೇಟೆಯ ಬೀದಿಗಳು ಮತ್ತೆ ತುಂಬಿದವು, ಈ ಸಲ ನ್ಯಾಯ ಕೇಳುವವರಿಂದ.

ವಾನ್ ಆಂಡೆಲ್ ಅರೀನಾದಿಂದ ಕೆಲವೇ ಹೆಜ್ಜೆ ನಡೆದರೆ ಡಿವಿಜನ್ ಅವೆನ್ಯೂ. ಹಾರ್ಟ್‌ಸೈಡ್ ಎಂಬ ಈ ಕೇರಿಯಲ್ಲಿ ಮನೆಯಿಲ್ಲದವರಿಗೆ ಊಟ ವಸತಿ ಕೊಡುವ ಸಂಸ್ಥೆಗಳು ಬಹುಕಾಲದಿಂದ ಇವೆ. ಸುತ್ತ ಬಾಡಿಗೆ ಏರಿದಂತೆಲ್ಲ ಅವನ್ನು ಇಲ್ಲಿಂದ ಎತ್ತಬೇಕೆನ್ನುವ ಮಾತು ಬಂದೇ ಬರುತ್ತದೆ. ಡ್ವೆಲಿಂಗ್ ಪ್ಲೇಸ್ ಎಂಬ ಲಾಭರಹಿತ ಸಂಸ್ಥೆ 1980ರಿಂದ ಇದೇ ಬೀದಿಯ ಹಳೆಯ ಕಟ್ಟಡಗಳನ್ನು ದುರಸ್ತಿ ಮಾಡಿ, ಕಡಿಮೆ ಆದಾಯದವರಿಗೂ ಕಲಾವಿದರಿಗೂ ಕೈಗೆಟುಕುವ ಬಾಡಿಗೆಗೆ ಕೊಡುತ್ತ ಬಂದಿದೆ. ಪೇಟೆ ಏಳುವ ಮೊದಲೇ ಇಂಥವರು ಜಾಗ ಹಿಡಿದಿಟ್ಟುಕೊಂಡದ್ದರಿಂದಲೇ ಬಡವರಿಗೆ ಅಲ್ಲಿ ಇಷ್ಟಾದರೂ ನೆಲೆ ಉಳಿದಿದೆ. ಏಳಲು ಹೊರಟಿರುವ ಯಾವ ಊರೂ ಮೊದಲು ನೋಡಬೇಕಾದದ್ದು ಕ್ರೀಡಾಂಗಣವನ್ನಲ್ಲ, ಈ ಬೀದಿಯನ್ನು.

ಈಗ ಊರಿನ ಕಣ್ಣು ಹೊಳೆಯ ಮೇಲಿದೆ. ನದಿಯ ದಡದಲ್ಲಿ ನಗರಸಭೆಯ ಲಾರಿಗಳೂ ಸರಕುಗಳೂ ಬಿದ್ದಿರುತ್ತಿದ್ದ ಅಂಗಳದಲ್ಲಿ 12,000 ಜನರ ಬಯಲು ರಂಗಮಂದಿರಕ್ಕೆ 2024ರಲ್ಲಿ ಗುದ್ದಲಿಪೂಜೆ ಆಯಿತು. ಅದಕ್ಕಿಂತ ಕುತೂಹಲದ ಕೆಲಸ ನೀರಿನೊಳಗಿನದು. ಊರಿಗೆ ಹೆಸರು ತಂದ ಆ ರಭಸ ಈಗಿಲ್ಲ. ಕಟ್ಟಡಗಳಿಗೆ ಸುಣ್ಣಕಲ್ಲು ತೆಗೆದರು, ದಿಮ್ಮಿ ಸಾಗಿಸಲೆಂದು ಹಾಸು ಸಮಮಾಡಿದರು, ಗಿರಣಿಗಳಿಗೆ ಆರನೇ ಬೀದಿಯಲ್ಲಿ ಅಣೆ ಕಟ್ಟಿದರು, 20ನೇ ಶತಮಾನದಲ್ಲಿ ನೀರು ತುಂಬಿ ಚೆಂದ ಕಾಣಲೆಂದು ಇನ್ನೂ ನಾಲ್ಕು ಸಣ್ಣ ಒಡ್ಡು ಹಾಕಿದರು. ಈ ಸಣ್ಣ ಒಡ್ಡುಗಳನ್ನು ತೆಗೆದು ಬಂಡೆಗಳನ್ನು ಹಾಸಿ ಹೊಳೆಗೆ ಹಳೆಯ ಓಟ ಕೊಡಬೇಕೆಂದು ಗ್ರಾಂಡ್ ರಾಪಿಡ್ಸ್ ವೈಟ್‌ವಾಟರ್ ಎಂಬ ಸಂಸ್ಥೆ 2009ರಿಂದ ದುಡಿಯುತ್ತಿದೆ. ಮೊದಲ ನಕ್ಷೆಯಲ್ಲಿ ದೋಣಿ ಆಟದವರಿಗೆಂದು ಕೃತಕ ಅಲೆಗಳೂ ಇದ್ದವು. ಅದರಿಂದ ಮೀನುಗಳ ಓಡಾಟಕ್ಕೆ ಅಡ್ಡಿ, ಜನರ ಜೀವಕ್ಕೂ ಅಪಾಯ ಎಂದು ರಾಜ್ಯದ ಪರಿಸರ ಇಲಾಖೆ 2022ರಲ್ಲಿ ಒಪ್ಪಲಿಲ್ಲ. ಅಲೆಗಳನ್ನು ಕೈಬಿಟ್ಟು ನಕ್ಷೆ ಬದಲಿಸಿದ ಮೇಲಷ್ಟೇ ಅನುಮತಿ ಸಿಕ್ಕಿ, ಕೆಳಭಾಗದ ಕೆಲಸ 2025ರಲ್ಲಿ ಶುರುವಾಯಿತು.

ಮೇಲ್ಭಾಗದ ಆರನೇ ಬೀದಿಯ ಅಣೆಯದು ಬೇರೆಯೇ ಸಮಸ್ಯೆ. ಶರತ್ಕಾಲದಲ್ಲಿ ಮೊಟ್ಟೆಯಿಡಲು ಏರಿ ಬರುವ ಸಾಲ್ಮನ್ ಮೀನುಗಳು ಆ ಅಣೆಯ ಪಕ್ಕ 1974ರಲ್ಲಿ ಕಟ್ಟಿದ ಮೆಟ್ಟಿಲುಗಳನ್ನು ಹಾರಿ ಹಾರಿ ದಾಟುತ್ತವೆ, ನೋಡಲು ಜನ ಸಾಲುಗಟ್ಟುತ್ತಾರೆ. ಅದೇ ಅಣೆ ಸಮುದ್ರದ ಲ್ಯಾಂಪ್ರೆ ಎಂಬ, ಬೇರೆ ಮೀನುಗಳಿಗೆ ಬಾಯಿ ಕಚ್ಚಿ ರಕ್ತ ಹೀರುವ ಹೊರಗಿನ ಜೀವಿ ಮೇಲಕ್ಕೆ ಏರದಂತೆ ತಡೆಯುತ್ತದೆ. ತೆಗೆದರೆ ಅದು ನೂರಾರು ಕಿಲೋಮೀಟರು ಉಪನದಿಗಳಲ್ಲಿ ಹರಡಿ, ಮಹಾಸರೋವರಗಳ ಮೀನುಗಾರಿಕೆಗೇ ಕುತ್ತು. ತೆಗೆಯದಿದ್ದರೆ ಪುರಾತನ ಸ್ಟರ್ಜನ್ ಮೀನು ತನ್ನ ಹಳೆಯ ನೆಲೆಗೆ ಹೋಗಲಾರದು. ಹಾಗಾಗಿ ಸಾಲ್ಮನ್ ಹಿಡಿಯಲು ಅಣೆಯ ಕೆಳಗೆ ಸೊಂಟದ ಮಟ್ಟ ನೀರಿನಲ್ಲಿ ನಿಲ್ಲುವ ಗಾಳಗಾರರು, ಒಡಾವಾ ಬುಡಕಟ್ಟಿನವರು, ಎಂಜಿನಿಯರುಗಳು, ಮೀನು ವಿಜ್ಞಾನಿಗಳು ಎಲ್ಲರಿಗೂ ಇದರಲ್ಲಿ ಒಂದೊಂದು ಪಾಲಿದೆ. ಅಣೆಯನ್ನು ಉಳಿಸಬೇಕೋ, ಅದರ ಮೇಲ್ಗಡೆ ಲ್ಯಾಂಪ್ರೆ ತಡೆಯುವ ಹೊಸ ಒಡ್ಡು ಕಟ್ಟಿ ಇದನ್ನು ತೆಗೆಯಬೇಕೋ ಎಂಬ ಚರ್ಚೆ ವರ್ಷಗಟ್ಟಲೆ ನಡೆದಿದೆ.